ಗಾಡಿಗೆ ಪೈಸೆ ಹಾಕುವ ಮದಲು ಗೋಡೆಯ ಕ್ಯಾಲೆಂಡರು ನೋಡಿ

ಶಿವರಾತ್ರಿಗೆ ಮಗ ಬೆಂಗ್ಳೂರಿಂದ ಬಪ್ಪಗ ಒಂದು ಪಟ್ಟಿ ಮಾಡಿಗೊಂಡು ಬಂದಿತ್ತಿದ್ದ. ಮಧ್ಯಾನ್ನ ಉಂಡಿಕ್ಕಿ ಜೆಗಿಲಿಲಿ ಕೂದಪ್ಪಗ ಅದರ ಮೊಬೈಲಿಲಿ ಅಪ್ಪಂಗೆ ತೋರ್ಸಿದ. ಆನು ಅಲ್ಲೇ ಕರೇಲಿ ಕೂದು ಗುಜ್ಜೆ ಕೊಚ್ಚಿಗೊಂಡಿತ್ತಿದ್ದೆ. ಎಂಗಳ ಹಳೆ ಕ್ಯಾಂಪರ್ ಪಿಕಪ್ಪಿನ ಹೊಸತ್ತು ಮಾಡ್ಸುವ ಪಟ್ಟಿ ಅದು. ದೊಡ್ಡ ಗುಬುಟಿಯ ಮಡ್ ಟಯರು, ಅಲಾಯ್ ವೀಲು ಸೇರಿ 95,000. ಗಾಡಿಯ ಎತ್ತರ ಮಾಡುವ ಲಿಫ್ಟ್ ಕಿಟ್ಟು 35,000. ಬೇಟರಿಲಿ ಎಳವ ವಿಂಚು 45,000. ಎದುರಂಗೆ ಕಬ್ಬಿಣದ ಬಂಪರು 28,000. ಸ್ನಾರ್ಕೆಲ್ಲು 12,000, ಎಲ್‌ಇಡಿ ಲೈಟಿನ ಬಾರು 6,000, ಸೀಟು ಕವರು ಮತ್ತೆ ಪದ್ಯ ಕೇಳುವ ಸಿಸ್ಟಮ್ಮು 22,000. ಒಟ್ಟು 2,43,000.

ಎಜಮಾನ್ರು ಕನ್ನಡ್ಕ ಹಾಕಿಗೊಂಡು ಎರಡೆರಡು ಸರ್ತಿ ನೋಡಿದವು. ಅವಕ್ಕೆ ಅರುವತ್ತೊಂದು ವರ್ಷ ಆತು. ಆದರೆ ಆ ಟಯರಿನ ಪಟ ಕಂಡಪ್ಪಗ ಮೋರೆ ಹೇಂಗಾತು ಹೇಳಿರೆ, ಉಪ್ನಾನದ ಮಾಣಿಗೆ ಆರೋ ಸೈಕಲು ಉಡುಗೊರೆ ಕೊಟ್ಟ ಹಾಂಗೆ. ಎನ್ನತ್ತರೆ ಒಂದು ಮಾತು ಕೇಳೆಕ್ಕು ಹೇಳಿ ಇಬ್ರಿಂಗೂ ಕಂಡಿದಿಲ್ಲೆ. ಗಾಡಿಯ ಸಂಗತಿ ಅಲ್ಲದೋ, ಅಡಿಗೆ ಒಳಾಣವಕ್ಕೆ ಎಂತ ಗೊಂತಿಕ್ಕು!

ಪೈಸೆಯ ಪುಸ್ತಕ ಎನ್ನ ಕೈಲಿ ಇಪ್ಪದು ಹೇಳಿ ಅವಕ್ಕೆ ನೆಂಪಾದ್ದು ಹೊತ್ತೋಪಗ. ಅಷ್ಟಪ್ಪಗ ಆನು ಹೇಳಿದ್ದರನ್ನೇ ಇಲ್ಲಿ ಬರೆತ್ತಾ ಇದ್ದೆ. ನಿಂಗಳ ಮನೆಲಿಯೂ ಹತ್ತು ಹದಿನೈದು ವರ್ಷದ ಜೀಪೋ ಪಿಕಪ್ಪೋ ಇದ್ದರೆ, ಅದಕ್ಕೆ ರಜ್ಜ ಪೈಸೆ ಹಾಕುವೊ ಹೇಳಿ ಆಲೋಚನೆ ಇದ್ದರೆ, ಓದಿಕ್ಕಿ ನಿಂಗೊಗೂ ಉಪಕಾರ ಅಕ್ಕು. ಒಪ್ಪದ್ದವು ಜಗಳ ಮಾಡ್ಲಕ್ಕು.

ಗಾಡಿ ಯಾವುದು ಹೇಳಿ ಮದಲು ಹೇಳ್ತೆ. ಬೊಲೆರೋ ಕ್ಯಾಂಪರು, ಎದುರು ಎರಡು ಸಾಲು ಸೀಟು, ಹಿಂದೆ ಸಾಮಾನಿನ ತೊಟ್ಟಿ, ಫೋರ್ ವೀಲು. 2012ರ ಮೋಡೆಲು. ಎಂಗೊ ಸೆಕೆಂಡ್ ಹ್ಯಾಂಡಿಲಿ ತೆಕ್ಕೊಂಡದು 2016ರಲ್ಲಿ. ಎಂಗಳ ಮನೆಂದ ಡಾಮರು ಮಾರ್ಗಕ್ಕೆ ಎರಡೂವರೆ ಕಿಲೋಮೀಟರು ಮಣ್ಣು ಮಾರ್ಗ. ಹೆರಟ ಕೂಡ್ಲೇ ಒಂದು ಕುತ್ತ ಚಡವು, ಅದರ ತಲೆ ಹತ್ತಿರೆ ಆಚ ಹೊಡೆಲಿ ಅಷ್ಟೇ ಕುತ್ತ ಇಳಿತ, ಇಳುದು ಮುಗಿವಗ ತೋಡು. ಬೇಸಗೆಲಿ ಆರೂ ಬಕ್ಕು. ಆಟಿ ತಿಂಗಳಿಲಿ ಆಟೋದವು ತೋಡಿನ ಆಚ ಕರೇಲೇ ಜೆನ ಇಳಿಶಿಕ್ಕಿ ಹೋವ್ತವು. ಬೋರ್ಡೋ ಬಿಡುವ ಸಮಯಲ್ಲಿ ಮೈಲುತುತ್ತು, ಸುಣ್ಣ, ಡ್ರಮ್ಮು ಬಪ್ಪದು ಇದರಲ್ಲಿ. ದನದ ಹಿಂಡಿ, ತೋಟದ ಗೊಬ್ಬರ, ಪೇಟಗೆ ಹೋಪ ಅಡಕ್ಕೆ, ಸೊಸೈಟಿಗೆ ಹೋಪ ಹಾಲು, ಜ್ವರ ಬಂದ ಜೆನ, ಎಲ್ಲವೂ ಇದರಲ್ಲೇ.

ಇನ್ನು ಪೈಸೆಯ ಸಂಗತಿ. ಎಂಗಳ ತೋಟಕ್ಕೆ ಹಳದಿ ರೋಗ ಬಂದು ಆರೇಳು ವರ್ಷ ಆತು. ಸುಳ್ಯ ಹೊಡೆಲಿ ಇಪ್ಪವಕ್ಕೆ ಅದರ ಬಿಡ್ಸಿ ಹೇಳೆಕ್ಕು ಹೇಳಿ ಇಲ್ಲೆ. ಮದಲು ಅಪ್ಪ ಅಡಕ್ಕೆಲಿ ಅರ್ಧವೂ ಈಗ ಆವ್ತಿಲ್ಲೆ. ಕಳುದ ವರ್ಷದ ಹಳೆ ಅಡಕ್ಕೆ ಕೊಟ್ಟಿಕ್ಕಿ, ಸೊಸೈಟಿ ಸಾಲದ ಕಂತು ಕಟ್ಟಿಕ್ಕಿ, ಗಾಡಿಗೆ ಹೇಳಿ ಆನು ತೆಗದು ಮಡಗಿದ್ದದು 1,60,000. ಮಾರಿಕ್ಕಿ ಹೊಸತ್ತು ತೆಗವೊ ಹೇಳ್ತ ಮಾತು ಎಜಮಾನ್ರ ಬಾಯಿಲಿ ವರ್ಷಕ್ಕೊಂದರಿ ಬತ್ತು. ಹೊಸ ಫೋರ್ ವೀಲ್ ಪಿಕಪ್ಪಿಂಗೆ ಹತ್ತು ಲಕ್ಷದ ಮೇಗೆಯೇ. ಎಂಗಳದ್ದಕ್ಕೆ ಬ್ರೋಕರು ಹೇಳಿದ ಕ್ರಯ ಮೂರೂಕಾಲು ಲಕ್ಷ. ನೆಡುಕಾಣ ಏಳು ಲಕ್ಷ ಸಾಲ ಹಳದಿ ರೋಗದ ತೋಟ ನಂಬಿ ಮಾಡ್ಲೆ ಆನು ಒಪ್ಪೆ. ಆದರೆ ಹಳತ್ತರ ಮೇಗೆ ಎಷ್ಟು ಹಾಕುಲಕ್ಕು? ಮಾರಿರೆ ಸಿಕ್ಕುವ ಕ್ರಯದ ಅರ್ಧಂದ ಮೇಗೆ ಹಾಕುಲಾಗ ಹೇಳಿ ಎನ್ನ ಲೆಕ್ಕ. ಅದರಿಂದ ಹೆಚ್ಚು ಹಾಕಿದವು ಮತ್ತೆ ಗಾಡಿಯ ಮಾರ್ಲೂ ಎಡಿಯದ್ದೆ, ಮಡಿಕ್ಕೊಂಬಲೂ ಎಡಿಯದ್ದೆ ಕೂದ್ದರ ಎರಡು ಮನೆಲಿ ಕಂಡಿದೆ.

ಈಗ ಕ್ಯಾಲೆಂಡರಿನ ಶುದ್ದಿ. ಎಂಗಳ ಅಡಿಗೆ ಒಳಾಣ ಗೋಡೆಲಿ ನೇಲ್ತ ಕ್ಯಾಲೆಂಡರಿಲಿ ಹಾಲಿನ ಲೆಕ್ಕ, ಗ್ಯಾಸು ಬಂದ ದಿನ, ಆಳುಗೊ ಬಂದ ಲೆಕ್ಕ, ದನಕ್ಕೆ ಇಂಜೆಕ್ಷನು ಕೊಡ್ಸಿದ ದಿನ, ಎಲ್ಲ ಬರೆತ್ತೆ. ಗಾಡಿ ಹೆರಡದ್ದ ದಿನವನ್ನೂ ಬರೆತ್ತೆ, ಎಂತಕೆ ಹೇಳಿರೆ ಆ ದಿನ ಸೊಸೈಟಿಗೆ ಹಾಲು ಹೋವ್ತಿಲ್ಲೆ, ಲೆಕ್ಕ ತಪ್ಪುತ್ತು. ಕರೇಲಿ ಸಣ್ಣಕೆ ಕಾರಣವನ್ನೂ ಗೀಚುವ ಕ್ರಮ ಇದ್ದು: 'ಬೇಟರಿ', 'ಪಂಚರು', 'ಕ್ಲಚ್ಚು'. ಹಳೆ ಕ್ಯಾಲೆಂಡರಿನ ಆನು ಇಡ್ಕುತ್ತಿಲ್ಲೆ, ಸುರುಟಿ ಅಟ್ಟಲ್ಲಿ ಮಡಗುತ್ತೆ, ಡಬ್ಬಿಯ ಅಡಿಯಂಗೆ ಹಾಕುಲೆ ಆವ್ತು. ಆ ದಿನ ಹೊತ್ತೋಪಗ ಅಟ್ಟ ಹತ್ತಿ ಒಂಬತ್ತು ವರ್ಷದ್ದರನ್ನೂ ಕೆಳ ತಂದು ಚಾವಡಿಲಿ ಹರಗಿದೆ. ಮೂಗಿಂಗೆ ಧೂಳು ಹೋಗಿ ಹತ್ತು ಸರ್ತಿ ಶೀನಿದೆ.

ಒಂಬತ್ತು ವರ್ಷಲ್ಲಿ ಗಾಡಿ ಕೈಕೊಟ್ಟದು 23 ಸರ್ತಿ. ಬೇಟರಿ, ವಯರಿಂಗಿನ ತಾಪತ್ರಯ ಆರು. ಕ್ಲಚ್ಚು ಐದು. ಟಯರು ನಾಲ್ಕು. ಬ್ರೇಕು ಮೂರು. ರೇಡಿಯೇಟರಿನ ಪೈಪು ಒಡದು ಎಂಜಿನು ಬೆಶಿ ಆದ್ದು ಎರಡು. ಕೆಸರಿಲಿ ಹುಗುದು ನಿಂದದು ಮೂರೇ ಮೂರು ಸರ್ತಿ! ಅದರಲ್ಲಿಯೂ ಎರಡು ಸರ್ತಿ ಹತ್ತರಾಣ ಮನೆಯವರ ಟ್ರಾಕ್ಟರು ಬಂದು ಎಳದತ್ತು, ಒಂದರಿ ಪಂಪು ನೆಗ್ಗುವ ಚೈನ್ ಪುಲ್ಲಿಯ ಹಲಸಿನ ಮರಕ್ಕೆ ಕಟ್ಟಿ ಎಳದವು.

ಮಗನ ಪಟ್ಟಿಯ ಒಂದರಿ ತಿರುಗಿ ನೋಡಿ. ಮಡ್ ಟಯರು, ಲಿಫ್ಟು, ವಿಂಚು, ಬಂಪರು, ಸ್ನಾರ್ಕೆಲ್ಲು: ಎರಡು ಲಕ್ಷದ ಮೇಗಾಣ ಪೈಸೆ ಹೋಪದು ಆ ಮೂರು ಸರ್ತಿಯ ಕಷ್ಟಕ್ಕೆ. ಒಳುದ ಇಪ್ಪತ್ತು ಸರ್ತಿಗೆ ಪಟ್ಟಿಲಿ ಒಂದು ರುಪಾಯಿಯೂ ಇಲ್ಲೆ. ಎನಗೆ ಪಿಸುರು ಬಂದದು ಇದಕ್ಕೆ. ಮಗನ ಮೇಗೆ ಅಲ್ಲ, ಅವ ಪ್ರಾಯದ ಮಾಣಿ. ಗಾಡಿ ಹೇಳಿರೆ ಹತ್ತುವದೊಂದೇ ಹೇಳಿ ನಾವೆಲ್ಲ ತಿಳ್ಕೊಂಡದಕ್ಕೆ. ಪೇಟೆಲಿ ನೋಡಿ, ಮೊಬೈಲಿಲಿ ನೋಡಿ, ಫೋರ್ ವೀಲಿನ ಪಟಂಗೊ ಎಲ್ಲ ಕೆಸರು ರಟ್ಟಿಸಿ ಗುಡ್ಡೆ ಹತ್ತುದೇ. ಇಳಿವ ಪಟ ಆರೂ ತೆಗೆತ್ತವಿಲ್ಲೆ.

ಇಳಿತದ ಕಥೆ ಎನ್ನ ಹತ್ತರೆ ಇದ್ದು. 2019ರ ಆಟಿ ತಿಂಗಳು, ಇರುಳು ಎರಡು ಗಂಟೆ, ಮಾವಂಗೆ ಎದೆಬೇನೆ ಸುರು ಆತು. ಆಂಬುಲೆನ್ಸಿಂಗೆ ಫೋನು ಮಾಡಿರೆ ತೋಡಿನ ಆಚ ಕರೆವರೆಗೆ ಬಕ್ಕು ಹೇಳಿದವು. ಮಾವನ ಹಿಂದಾಣ ಸೀಟಿಲಿ ಮನುಶಿ, ಅವರ ತಲೆಯ ಎನ್ನ ಮಡಿಲಿಲಿ ಮಡಗಿ ಹೆರಟೆಯೊ. ಎಜಮಾನ್ರು ಫೋರ್ ವೀಲಿನ ಲೋ ಹಾಕಿದವು. ಆ ಮಳೆಗೆ, ಆ ಕೆಸರಿಂಗೆ, ಒಂದು ಚಕ್ರವೂ ಜಾರದ್ದೆ ಗಾಡಿ ಚಡವು ಹತ್ತಿತ್ತು. ಅಷ್ಟು ಲಾಯ್ಕಲ್ಲಿ ಹತ್ತಿತ್ತು. ತಲೆಗೆ ಎತ್ತಿದ ಮತ್ತೆ ಅಂಬೆರ್ಪಿಲಿ ಲೋ ತೆಗದು ಸಾದಾ ಗೇರಿಂಗೆ ಹಾಕಿದವು. ನಾಲ್ಕು ಮಾರು ಇಳಿವಗ ಬ್ರೇಕಿನ ಪೆಡಲು ಒಳ ಹೋತು, ಗಾಡಿ ನಿಂದತ್ತಿಲ್ಲೆ. ಅವು ಒಂದು ಮಾತೂ ಆಡಿದ್ದವಿಲ್ಲೆ. ಸ್ಟೇರಿಂಗಿನ ಎಡತ್ತಿಂಗೆ ತಿರುಗ್ಸಿ ಗಾಡಿಯ ಬರೆಗೆ ಉಜ್ಜಿಸಿದವು. ಬಾಗಿಲು ಕಲ್ಲಿಂಗೆ ಕೆರೆಶುವ ಶಬ್ದ ಈಗಳೂ ಎನ್ನ ಕೆಮಿಲಿ ಇದ್ದು. ನಿಂದತ್ತು. ಮತ್ತೆ ಲೋ ಗೇರಿನ ಒಂದನೇದರಲ್ಲಿ, ಎಂಜಿನಿನ ಹಿಡಿತಲ್ಲೇ, ನೆಡವ ಸ್ಪೀಡಿಲಿ ಕೆಳ ಇಳುದೆಯೊ. ಮಾವ ಆ ಸರ್ತಿ ಒಳುದವು, ಮತ್ತೆ ಎರಡು ವರ್ಷ ಇತ್ತಿದ್ದವು.

ಮರದಿನ ಗ್ಯಾರೇಜಿಲಿ ನೋಡಿರೆ ಹಿಂದಾಣ ಒಂದು ಚಕ್ರದ ಬ್ರೇಕ್ ಸಿಲಿಂಡರು ಸೋರಿ ಎಣ್ಣೆ ಕಾಲಿ ಆಗಿತ್ತಿದ್ದು. ಅದೊಂದರ ಬದಲ್ಸಿ ಕಳುಸಿದವು, ಎಂಗಳೂ ಸುಮ್ಮನೆ ತಂದೆಯೊ. ಎರಡು ವರ್ಷ ಕಳುದು ಇನ್ನೊಂದು ಸೋರಿತ್ತು. ಮತ್ತೆ ಮೂರನೇದು. ನಾಲ್ಕು ಒಂದೇ ಪ್ರಾಯದ್ದು ಅಲ್ಲದೋ, ಒಂದು ಹಾಳಾದ ಮತ್ತೆ ಒಳುದ್ದಕ್ಕೆ ಎಷ್ಟು ದಿನ ಬಾಕಿ ಹೇಳಿ ಆರಾದರೂ ಕೇಳೆಕ್ಕಾತು.

ಫೋರ್ ವೀಲಿಂಗೂ ನಿಲ್ಲುದಕ್ಕೂ ಸಂಬಂಧ ಇಲ್ಲೆ. ಬ್ರೇಕು ಎಲ್ಲಾ ಗಾಡಿಗೂ ನಾಲ್ಕು ಚಕ್ರಕ್ಕೆ ಇಪ್ಪದೇ. ಕುತ್ತ ಇಳಿತಲ್ಲಿ ಸಹಾಯ ಮಾಡುದು ಲೋ ಗೇರು, ಅದರ ಹಾಕುಲೆ ಪೈಸೆ ಬೇಡ, ತಾಳ್ಮೆ ಬೇಕು. ಹಾಂಗಾಗಿ ಎನ್ನ ಪಟ್ಟಿಲಿ ಮದಲು ಬ್ರೇಕು: ಮಾಸ್ಟರ್ ಸಿಲಿಂಡರು, ಹಿಂದಾಣ ಚಕ್ರದ ಸಿಲಿಂಡರುಗೊ, ರಬ್ಬರು ಪೈಪು, ಎದುರಾಣ ಪೇಡು, ಹಿಂದಾಣ ಲೈನರು, ಎಲ್ಲ ಒಟ್ಟಿಂಗೆ, 14,500. ಬ್ರೇಕಿನ ಎಣ್ಣೆ ಗಾಳಿಂದ ನೀರು ಎಳ್ಕೊಂಬ ಜಾತಿಯದ್ದು. ಮಳೆಗಾಲಲ್ಲಿ ಉಪ್ಪಿನ ಭರಣಿಯ ಬಾಯಿ ಬಿಟ್ಟು ಮಡಗಿರೆ ಎಂತ ಆವ್ತು ಹೇಳಿ ನವಗೆ ಗೊಂತಿದ್ದನ್ನೆ, ಅದೇ ಕಥೆ. ಉದ್ದದ ಇಳಿತಲ್ಲಿ ಬ್ರೇಕು ಬೆಶಿ ಆದಪ್ಪಗ ಆ ನೀರು ಕೊದಿತ್ತು, ಪೆಡಲು ಒಳ ಹೋವ್ತು. ಎರಡು ವರ್ಷಕ್ಕೊಂದರಿ ಎಣ್ಣೆ ಬದಲ್ಸೆಕ್ಕು. ಎಂಗೊ ಒಂಬತ್ತು ವರ್ಷ ಬರೇ ತುಂಬ್ಸಿಗೊಂಡೇ ಇತ್ತಿದ್ದೆಯೊ!

ಎರಡನೇದು ಟಯರು. ಇದು ಹೆಮ್ಮಕ್ಕೊ ನೋಡೆಕ್ಕಾದ ಸಂಗತಿ. ಅಂಗಡಿಲಿ ಬಿಸ್ಕೆಟು ಪೇಕೆಟು ತಿರುಗ್ಸಿ ತಾರೀಕು ನೋಡ್ತು ನಾವು, ಟಯರಿಲಿಯೂ ತಾರೀಕು ಇದ್ದು. ಬದಿಲಿ ಒಂದು ಸಣ್ಣ ಚೌಕಲ್ಲಿ ನಾಲ್ಕು ಅಂಕೆ. ಮದಲಾಣ ಎರಡು ವಾರ, ಮತ್ತಾಣ ಎರಡು ವರ್ಷ. 2318 ಹೇಳಿ ಇದ್ದರೆ 2018ರ 23ನೇ ವಾರ ಮಾಡಿದ್ದು. ಆನು ಟಾರ್ಚು ಹಿಡ್ಕೊಂಡು, ಮೊಳಪ್ಪೂರಿ ಕೂದು, ಐದನ್ನೂ ನೋಡಿದೆ. ಮೂರು 2018ರದ್ದು, ಒಂದು 2021ರದ್ದು. ಸ್ಟೆಪ್ನಿ 2012ರದ್ದು, ಗಾಡಿಯೊಟ್ಟಿಂಗೆ ಹುಟ್ಟಿದ್ದು! ಗುಬುಟಿ ಹೊಸತ್ತರ ಹಾಂಗೆ ಇದ್ದು, ಆದರೆ ಬದಿಲಿ ನೆರೆಗಟ್ಟಿ ಸೀಳು ಬಿಟ್ಟಿದು. ಪಂಚರು ಆದ ದಿನ ನಾವು ನಂಬುದು ಅದರನ್ನೇ.

ಫೋರ್ ವೀಲ್ ಗಾಡಿಗೆ ಒಂದೊಂದೇ ಟಯರು ಹಾಕಿ ಉಳಿತಾಯ ಮಾಡ್ಲೆ ಎಡಿತ್ತಿಲ್ಲೆ. ನಾಲ್ಕೂ ಒಂದೇ ಅಳತೆ, ಒಂದೇ ನಮುನೆ ಸವದ್ದಾಗಿರೆಕ್ಕು. ಇಲ್ಲದ್ದರೆ ಎದುರಾಣ ಚಕ್ರವೂ ಹಿಂದಾಣ ಚಕ್ರವೂ ಬೇರೆ ಬೇರೆ ಲೆಕ್ಕಲ್ಲಿ ತಿರುಗಿ ಒಳಾಣ ಗೇರಿನ ಪೆಟ್ಟಿಗೆಯೇ ಪೆಟ್ಟು ತಿಂತು. ಒಣಗಿದ ಡಾಮರು ಮಾರ್ಗಲ್ಲಿ ಫೋರ್ ವೀಲು ಹಾಕುಲಾಗ ಹೇಳುದೂ ಇದಕ್ಕೇ. ಹಾಂಗೆ ಟಯರಿನ ಪೈಸೆಯ ಒಂದೇ ಸರ್ತಿ ತೆಗದು ಮಡುಗೆಕ್ಕು. ಐದಕ್ಕೆ 37,500. ದೊಡ್ಡ ಅಳತೆಯದ್ದು ಅಲ್ಲ, ಕಂಪೆನಿ ಹೇಳಿದ ಅಳತೆದೇ, ಆದರೆ ಮಣ್ಣಿಂಗೂ ಡಾಮರಿಂಗೂ ಅಪ್ಪ ಆಲ್ ಟೆರೇನ್ ಹೇಳ್ತ ಜಾತಿ. ಇದು ಮಗಂದೇ ಸಲಹೆ, ಅವ ಇಳುದು ಬಂದ ಮೆಟ್ಟು. ಟಯರು ದೊಡ್ಡ ಆದರೆ ತಿರುಗ್ಸುಲೆ ಎಂಜಿನಿಂಗೆ ಕಷ್ಟ, ನಿಲ್ಸುಲೆ ಬ್ರೇಕಿಂಗೆ ಕಷ್ಟ, ಸ್ಪೀಡು ತೋರ್ಸುವ ಮುಳ್ಳೂ ಕಮ್ಮಿ ತೋರ್ಸುತ್ತು. ಎಂಗಳದ್ದರ ಎಂಜಿನು ಮದಲೇ ಮುದಿ ಎತ್ತು.

ಲಿಫ್ಟ್ ಕಿಟ್ಟಿನ ಬಗ್ಗೆ ಆನು ಹೆಚ್ಚು ಮಾತಾಡಿದ್ದಿಲ್ಲೆ. ಅತ್ತಗೆ ಎಂಬತ್ತೆರಡು, ಎರಡು ಮೊಳಪ್ಪಿಲಿಯೂ ಬೇನೆ. ಈಗಳೇ ಗಾಡಿಗೆ ಹತ್ತುಲೆ ಹಾಲಿನ ಕ್ರೇಟು ಕವುಂಚಿ ಮಡಗುದು. "ನಾಲ್ಕಿಂಚು ಎತ್ತರ ಮಾಡ್ಸಿರೆ ಅಜ್ಜಿಗೆ ಅಡಕ್ಕೆ ಮರ ಹತ್ತುವ ತಳೆ ತಂದು ಕೊಡು" ಹೇಳಿದೆ. ಅತ್ತೆ ಜಗಿಲಿಂದಲೇ ನೆಗೆ ಮಾಡಿದವು. ಗಾಡಿಯ ಎತ್ತರ ಮಾಡಿಯಪ್ಪಗ ಶಾಫ್ಟಿನ ಕೋನ ತಪ್ಪಿ ಕ್ರಾಸುಗೊ ಬೇಗ ಸವೆತ್ತು ಹೇಳಿ ಗ್ಯಾರೇಜಿನ ಮೇಸ್ತ್ರಿಯೂ ಹೇಳಿದ.

ಬಂಪರಿಂಗೂ ಎನಗೆ ಮನಸ್ಸಿಲ್ಲೆ, ಕಾನೂನಿಂಗೂ ಮನಸ್ಸಿಲ್ಲೆ. ಎದುರಂಗೆ ಬುಲ್ ಬಾರು ಹಾಕುಲೆ ಬಿಡ್ಲಾಗ ಹೇಳಿ 2017ರಲ್ಲೇ ಕೇಂದ್ರಂದ ರಾಜ್ಯಂಗೊಕ್ಕೆ ಕಾಗದ ಬಯಿಂದು. ಕಂಪೆನಿ ಮಾಡಿ ಕೊಟ್ಟ ರೂಪವ ಬದಲ್ಸುಲಾಗ ಹೇಳಿ 2019ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು. ಎಂಗಳದ್ದು ಹಳದಿ ಬೋರ್ಡು, ಎಂಟು ವರ್ಷ ಕಳುದ ಕಾರಣ ವರ್ಷ ವರ್ಷ ಎಫ್‌ಸಿ ಮಾಡ್ಸೆಕ್ಕು. ಎಫ್‌ಸಿ ದಿನ ಎಲ್ಲ ಬಿಚ್ಚಿ, ಮರದಿನ ಪುನಾ ಕಟ್ಟುವವು ಇದ್ದವು. ಅಪಘಾತ ಆದ ದಿನ ಇನ್ಶೂರೆನ್ಸಿನವು ನೋಡುದು ಎಫ್‌ಸಿ ದಿನದ ಗಾಡಿಯ ಅಲ್ಲನ್ನೆ.

ಸ್ನಾರ್ಕೆಲ್ಲಿಂದ ಎಂಜಿನಿನ ಒಳಂಗೆ ನೀರು ಹೋಗ, ಅಪ್ಪು. ಆದರೆ ಅಷ್ಟು ನೀರು ಬಂದ ತೋಡಿಂಗೆ ಇಳಿವ ಅಗತ್ಯ ಎಂತ ಇದ್ದು? ಎಂಗಳ ತೋಡಿಲಿ ಒಂದು ಕರಿ ಕಲ್ಲಿದ್ದು, ಅದು ಮುಂಗಿರೆ ಆ ದಿನ ಗಾಡಿ ಇಳುಶುಲಾಗ ಹೇಳಿ ಮಾವ ಮಾಡಿದ ನಿಯಮ. ನೀರು ದಾಂಟಿದ ಮತ್ತೆ ನೋಡೆಕ್ಕಾದ್ದು ಅಡಿಲಿಪ್ಪ ಡಿಫರೆನ್ಶಿಯಲ್ಲಿನ ಎಣ್ಣೆಯ. ಹಾಲು ಹಾಕಿದ ಚಾಯದ ಬಣ್ಣ ಬಂದರೆ ಒಳ ನೀರು ಹೋಯಿದು ಹೇಳಿ ಲೆಕ್ಕ. ಎಂಗಳದ್ದರ ಬಿಚ್ಚಿಯಪ್ಪಗ ಎದುರಾಣದ್ದರ ಎಣ್ಣೆ ಅದೇ ಬಣ್ಣ!

ಲೈಟಿನ ವಿಷಯಲ್ಲಿ ಮಾತ್ರ ಮಗ ಹೇಳಿದ್ದು ಸರಿ, ಆನು ಸೋತೆ. ಎಂಗಳ ಗಾಡಿಯ ಲೈಟು ಮಳೆ ಹೊಡವಗ ದೇವರ ಒಳಾಣ ದೀಪದ ಹಾಂಗೆ. ಆದರೆ ಆ ಉದ್ದದ ಎಲ್‌ಇಡಿ ಬಾರು ಬೇಡ. ಮಳೆಲಿ, ಮಂಜಿಲಿ ಆ ಬೆಳಿ ಬೆಣ್ಚಿ ತಿರುಗಿ ನಮ್ಮ ಕಣ್ಣಿಂಗೇ ಬತ್ತು, ಎದುರು ಬಪ್ಪ ಬೈಕಿನವಂಗಂತೂ ದಾರಿಯೇ ಕಾಣ. ಮೇಸ್ತ್ರಿ ನೋಡಿರೆ, ಹಳೆ ವಯರು ಕಿಲುಬು ಹಿಡುದು ಲೈಟಿಂಗೆ ಪೂರ್ತಿ ಕರೆಂಟೇ ಎತ್ತಿಗೊಂಡಿತ್ತಿಲ್ಲೆ. ಹೊಸ ವಯರು, ರಿಲೇ, ಒಳಾಣ ಕನ್ನಾಟಿ ಹೊಸತ್ತು, ತಗ್ಗಿಲಿ ಎರಡು ಫಾಗ್ ಲೈಟು, ಬೇಟರಿ, ಎಲ್ಲ ಸೇರಿ 12,000. ಆರು ಸರ್ತಿಯ 'ಬೇಟರಿ' ಹೇಳಿ ಕ್ಯಾಲೆಂಡರಿಲಿ ಇದ್ದದರಲ್ಲಿ ಹೆಚ್ಚಿಂದೂ ಈ ವಯರಿನದ್ದೇ ಉಪದ್ರ ಆಯಿಕ್ಕು ಹೇಳಿ ಅವ ಹೇಳಿದ.

ಒಳುದ್ದರ ಬೇಗ ಹೇಳಿ ಮುಗುಶುತ್ತೆ. ಕ್ಲಚ್ಚು 13,500. ಎರಡೂ ಹೊಡೆಯಾಣ ಸ್ಟೇರಿಂಗ್ ಜಾಯಿಂಟು, ಅಲೈನ್‌ಮೆಂಟು 7,000. ಶಾಫ್ಟಿನ ಕ್ರಾಸು, ಬುಶ್ಶು 6,000. ಹಿಂದಾಣ ಪ್ಲೇಟು ಬಿಚ್ಚಿ ತುಂಡಾದ್ದರ ಬದಲ್ಸುದು 9,500. ರೇಡಿಯೇಟರು ತೊಳದು ಪೈಪು, ಬೆಲ್ಟು 4,500. ಎಂಜಿನು ಬಿಟ್ಟು ಒಳುದ ಪೆಟ್ಟಿಗೆಗಳ ಎಣ್ಣೆ 5,000. ಕಾಲಡಿಯ ತಗಡು ತುಕ್ಕು ಹಿಡುದು ಮಾರ್ಗ ಕಾಂಬಲೆ ಸುರು ಆಗಿತ್ತಿದ್ದು, ಅದರ ವೆಲ್ಡಿಂಗು 10,000. ಬ್ರೇಕು, ಟಯರು, ಲೈಟು ಕೂಡ್ಸಿರೆ ಒಟ್ಟು 1,19,500.

ಬಾಕಿ 40,500 ಅಟ್ಟಿ ಕಟ್ಟಿ ಮಡಗಿದೆ. ಇದಕ್ಕೆ ಅಪ್ಪ ಮಗ ಇಬ್ರಿಂಗೂ ಕೋಪ. ಮಗ ಹೇಳಿದ, "ಅಮ್ಮ, ಅಷ್ಟು ಪೈಸೆ ಸುಮ್ಮನೆ ಕೂರ್ಸುದೆಂತಕೆ, ವಿಂಚಾದರೂ ಬತ್ತಿತ್ತನ್ನೆ?" ಹಳೆ ಮನೆಯ ಹಂಚು ತೆಗದು ನೋಡಿದವಕ್ಕೆ ಗೊಂತಿಕ್ಕು. ಹಂಚು ಬದಲ್ಸುಲೆ ಹೇಳಿ ಹತ್ತಿರೆ ರೀಪು ಕುಂಬಾಗಿರ್ತು, ರೀಪು ತೆಗದರೆ ಪಕ್ಕಾಸು. ಹಳೆ ಗಾಡಿಗೆ ಬಜೆಟ್ಟು ಬರವಗ ಕಾಂಬ ಕೆಲಸಕ್ಕೆ ಮುಕ್ಕಾಲು ಪಾಲು ಮಾತ್ರ ಬರೆಕ್ಕು. ಕಾಣದ್ದಕ್ಕೆ ಕಾಲು ಪಾಲು. ಇದರ ಮಾಡದ್ದವು ಅರ್ಧ ಬಿಚ್ಚಿದ ಗಾಡಿಯ ಗ್ಯಾರೇಜಿಲಿ ಬಿಟ್ಟು ಬಡ್ಡಿಗೆ ಪೈಸೆ ಹುಡ್ಕಿಗೊಂಡು ತಿರುಗುತ್ತವು.

ವಿಷು ಕಳುದ ಮರುವಾರ ಗಾಡಿ ಬಿಟ್ಟೆಯೊ. ಮೇ ಕಡೇಂಗೆ ಹೋದರೆ ಎಲ್ಲೋರೂ ಮಳೆಯ ಮದಲು ಹೇಳಿ ಸಾಲು ನಿಂದಿರ್ತವು, ಮೇಸ್ತ್ರಿಗೂ ತಲೆಬೆಶಿ, ಕೆಲಸವೂ ಹಾಂಗೇ. ಸಾಮಾನಿನ ಕ್ರಯ ಬೇರೆ, ಕೆಲಸದ ಕೂಲಿ ಬೇರೆ ಬರೆಶಿಗೊಂಡೆ. ಬದಲ್ಸಿದ ಹಳೆ ಸಾಮಾನು ಎಲ್ಲ ಗೋಣಿಲಿ ಹಾಕಿ ವಾಪಾಸು ಕೊಡೆಕ್ಕು ಹೇಳಿದೆ. "ಅಕ್ಕ, ನಿಮಗೆ ಆ ಹಳೆ ಸಾಮಾನು ಯಾಕೆ?" ಹೇಳಿ ಕೇಳಿದ. "ಗುಜರಿಗೆ" ಹೇಳಿದೆ. ಗುಜರಿಗೂ ಅಪ್ಪು, ಬದಲ್ಸಿದ್ದು ಅಪ್ಪೋ ಹೇಳಿ ನೋಡ್ಲೂ ಅಪ್ಪು. ಪೈಸೆ ಒಟ್ಟಿಂಗೆ ಇಲ್ಲದ್ದವು ಬ್ರೇಕು, ಟಯರು, ಸ್ಟೇರಿಂಗು ಮೂರರ ಮಳೆಯ ಮದಲು ಮಾಡ್ಸಿಕ್ಕಿ, ಕ್ಲಚ್ಚು ಪ್ಲೇಟು ಎಲ್ಲ ದೀಪಾವಳಿ ಕಳುದು ನೋಡ್ಲಕ್ಕು. ತಗಡು, ಬಣ್ಣ ಕಡೇಂಗೆ.

ಕಾಣದ್ದು ಕಂಡತ್ತು. ನೀರು ಹೊಕ್ಕ ಎದುರಾಣ ಡಿಫರೆನ್ಶಿಯಲ್ಲಿಲಿ ಬೇರಿಂಗು, ಸೀಲು ಹೋಗಿತ್ತಿದ್ದು. ಫೋರ್ ವೀಲಿನ ಪೆಟ್ಟಿಗೆಲಿಯೂ ಒಂದು ಬೇರಿಂಗು ಶಬ್ದ ಮಾಡ್ತಾ ಇತ್ತು. ಬೇಸಗೆ ಪೂರ್ತಿ ಫೋರ್ ವೀಲು ಹಾಕದ್ದೆ ಬಿಟ್ಟರೆ ಒಳಾಣ ಎಣ್ಣೆ ಓಡದ್ದೆ ಹೀಂಗೆ ಆವ್ತು, ತಿಂಗಳಿಂಗೊಂದರಿ ಆದರೂ ತೋಟದ ಮಣ್ಣಿಲಿ ಹಾಕಿ ಓಡ್ಸೆಕ್ಕು ಹೇಳಿದವು. ಈ ಎರಡಕ್ಕೆ 17,800. ಮಗ ಫೋನಿಲಿ ಲೆಕ್ಕ ಕೇಳಿಕ್ಕಿ ಸುಮಾರು ಹೊತ್ತು ಮಾತಾಡಿದ್ದಾಯಿಲ್ಲೆ. ಮತ್ತೆ ಅವನೇ ಹೇಳಿದ, ಎಳವ ಗಟ್ಟಿ ಪಟ್ಟಿ, ಎರಡು ಶಾಕಲ್ಲು ತೆಗವೊ, ಪುಲ್ಲಿ ಹೇಂಗೂ ಇದ್ದನ್ನೆ ಹೇಳಿ. 3,400 ಆತು. ಆನು ಕೇಳಿ ಮಾಡ್ಸಿದ್ದು ಒಂದೇ: ಹಿಂದಾಣ ಬಾಗಿಲಿಂಗೆ ಅಗಲದ ಮೆಟ್ಟು, ಒಳ ಹಿಡ್ಕೊಂಬಲೆ ಕೈ. 2,600. ಹಾಲಿನ ಕ್ರೇಟು ಈಗ ಹಟ್ಟಿಲಿ.

ಬಾಗಿಲಿನ ಆ ಗೀರಿಂಗೆ ಬಣ್ಣ ಹೊಡವಲೆ 8,000 ಹೇಳಿದವು. ಅದು ಹಾಂಗೇ ಇರಳಿ ಹೇಳಿದೆ.

ಈಗ ಪುಸ್ತಕಲ್ಲಿ ಒಳುದ್ದು 16,700. ಮಗಳು ಹೆರಿಗೆಗೆ ಬಪ್ಪದು ಆಟಿ ತಿಂಗಳಿಂಗೇ, ಡಾಕ್ಟ್ರು ಕೊಟ್ಟ ದಿನ ಆಗಸ್ಟಿಲಿ. ಅಳಿಯ ಪೇಟೆಲಿ ರೂಮು ಮಾಡುವೊ ಹೇಳಿದವು. ಮಗಳಿಂಗೆ ಇಲ್ಲಿಗೇ ಬರೆಕ್ಕು, ಎನಗೂ ಅದು ಇಲ್ಲಿಗೇ ಬರೆಕ್ಕು. ಡಾಕ್ಟ್ರು ಹೇಳಿದ ದಿನಂದ ಒಂದು ವಾರ ಮದಲು ಪೇಟೆಲಿಪ್ಪ ಎನ್ನ ತಂಗೆಯ ಮನಗೆ ಹೋಪದು ಹೇಳಿ ನಿಘಂಟು ಮಾಡಿದ್ದೆಯೊ. ಆದರೂ ಬೇನೆ ತಾರೀಕು ನೋಡಿಗೊಂಡು ಬತ್ತಿಲ್ಲೆ.

ಗಾಡಿ ಮನಗೆ ಬಂದ ಮರದಿನ ಒಳ್ಳೆ ಮಳೆ ಬಂತು. ಹೊತ್ತೋಪಗ ಎಜಮಾನ್ರ ಒಟ್ಟಿಂಗೆ ಆನೂ ಹೆರಟೆ, ಹಿಂದಾಣ ಸೀಟಿಲಿ, ಅಂದು ಕೂದ ಜಾಗೆಲಿಯೇ ಕೂದೆ. ಚಡವು ಹತ್ತಿತ್ತು, ಅದು ಯೇವಗಳೂ ಹತ್ತುತ್ತು. ಇಳಿತದ ಅರ್ಧಕ್ಕೆ ಎತ್ತಿಯಪ್ಪಗ "ಇಲ್ಲಿ ನಿಲ್ಸಿ" ಹೇಳಿದೆ. ಅವು ಎಂತಕೆ ಹೇಳಿ ಕೇಳಿದ್ದವಿಲ್ಲೆ. ಕಾಲು ಮಡಗಿದವು, ಗಾಡಿ ನಿಂದತ್ತು. ರಜ್ಜ ಹೊತ್ತು ಹಾಂಗೇ ಕೂದೆಯೊ, ವೈಪರು ಓಡಿಗೊಂಡಿತ್ತು. ಮತ್ತೆ ಇಳುದೆಯೊ.

ನಿನ್ನೆ ಇರುಳು ಮಗನ ಫೋನು. ಎಲ್ಲ ಮಾತಾಡಿಕ್ಕಿ ಕಡೇಂಗೆ, "ಅಮ್ಮ, ವಿಂಚು?" ಹೇಳಿ ಕೇಳಿದ. ಈ ವರ್ಷದ ಕ್ಯಾಲೆಂಡರಿಲಿ 'ಹುಗುದ್ದು' ಹೇಳಿ ಎಷ್ಟು ಸರ್ತಿ ಬರವಲೆ ಸಿಕ್ಕುತ್ತು ನೋಡುವೊ, ದೀಪಾವಳಿ ಕಳುದು ಮಾತಾಡುವೊ ಹೇಳಿದ್ದೆ. ಇಂದಿನವರೆಗೆ ಒಂದೂ ಇಲ್ಲೆ. ಆದರೆ ಆಟಿ ಇನ್ನು ಬರೆಕ್ಕಷ್ಟೆ.